ಹೊಗೆಯಿಂದ ಬೆಂಕಿಯನ್ನು ಅರಿಯುವ ಬಗೆ: ಆಕ್ಸಿಜನ್ ಸೆನ್ಸರ್ ಮತ್ತು ಪ್ರಾಮಾಣ್ಯದ ಪ್ರಶ್ನೆ

ವಾಹನದ ಎಕ್ಸಾಸ್ಟ್ ಪೈಪಿಗೆ ಬಿಗಿದ ಆಕ್ಸಿಜನ್ ಸೆನ್ಸರ್ ಎಂಜಿನ್ನಿನ ಒಳಗೆ ನಡೆಯುವ ದಹನವನ್ನು ಎಂದೂ ನೇರವಾಗಿ ಕಾಣುವುದಿಲ್ಲ. ಉರಿದು ಹೊರಬಂದ ಅನಿಲದಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದಷ್ಟೇ ಅದಕ್ಕೆ ಗೋಚರ. ಆ ಉಳಿಕೆಯನ್ನು ಆಧಾರವಾಗಿಟ್ಟುಕೊಂಡು, ಸಿಲಿಂಡರಿಗೆ ಹೋದ ಪೆಟ್ರೋಲ್ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತೀರ್ಮಾನಿಸುತ್ತದೆ. ಚೆಕ್ ಎಂಜಿನ್ ದೀಪ ಹೊತ್ತಿಕೊಂಡಾಗ ಸೆನ್ಸರನ್ನು ಬದಲಿಸಬೇಕೇ ಬೇಡವೇ ಎಂಬ ಪ್ರಶ್ನೆ ಏಳುತ್ತದೆ. ಭಾರತೀಯ ದರ್ಶನಗಳು ಪ್ರಾಮಾಣ್ಯವಾದ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿದ ಸಮಸ್ಯೆಯೂ ಇದೇ. ಒಂದು ಸಾಧನ ಕೊಟ್ಟ ಅರಿವು ನಿಜವೆಂದು ಗೊತ್ತಾಗುವುದು ಯಾವುದರಿಂದ? ಅರಿವಿಗೂ ವಸ್ತುಸ್ಥಿತಿಗೂ ತಾಳೆಯಾಗದಿದ್ದರೆ ತಪ್ಪನ್ನು ಎಲ್ಲಿ ಹುಡುಕಬೇಕು?

ಸಾಧನ ಮತ್ತು ಅದರ ಮಿತಿ

ಹೆಚ್ಚು ಬಳಕೆಯಲ್ಲಿರುವ ಬಗೆಯ ಸೆನ್ಸರಿನ ತುದಿಯಲ್ಲಿ ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ ಪಿಂಗಾಣಿಯ ಚಿಕ್ಕ ಕೋಶವಿರುತ್ತದೆ. ಅದರ ಒಳಮೈಗೂ ಹೊರಮೈಗೂ ಪ್ಲಾಟಿನಮ್ಮಿನ ತೆಳುಲೇಪ. ಹೊರಮೈಯನ್ನು ಎಕ್ಸಾಸ್ಟ್ ಅನಿಲ ಸೋಕುತ್ತದೆ, ಒಳಮೈಗೆ ಹೊರಗಿನ ಶುದ್ಧ ಗಾಳಿ ತಲುಪುತ್ತದೆ. ಪಿಂಗಾಣಿ ಸುಮಾರು 350 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಮೇಲೆ ಆಮ್ಲಜನಕದ ಅಯಾನುಗಳು ಅದರ ಮೂಲಕ ಹಾಯಬಲ್ಲವು. ಎರಡು ಬದಿಗಳ ಆಮ್ಲಜನಕದ ವ್ಯತ್ಯಾಸ ಆಗ ವೋಲ್ಟೇಜಾಗಿ ತೋರುತ್ತದೆ. ಈ ಸಂಬಂಧಕ್ಕೆ ಜರ್ಮನಿಯ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಸಮೀಕರಣವೇ ತಳಹದಿ. 1976ರಲ್ಲಿ ಬಾಷ್ ಕಂಪನಿ ಇಂಥ ಸೆನ್ಸರಿನ ಉತ್ಪಾದನೆ ಆರಂಭಿಸಿತು. ಅದನ್ನು ಮೊದಲು ಅಳವಡಿಸಿಕೊಂಡದ್ದು ವೋಲ್ವೋ ಕಾರು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಬೈಕು, ಸ್ಕೂಟರುಗಳಲ್ಲೂ ಇದು ಸಾಮಾನ್ಯವಾಯಿತು.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಆಮ್ಲಜನಕ ಉಳಿದರೆ ಸೆನ್ಸರಿನ ವೋಲ್ಟೇಜ್ 0.1ರ ಆಸುಪಾಸಿಗೆ ಇಳಿಯುತ್ತದೆ. ಪೆಟ್ರೋಲ್ ಹೆಚ್ಚಾದರೆ 0.9ರ ಆಸುಪಾಸಿಗೆ ಏರುತ್ತದೆ. ಇಸಿಯು 0.45ನ್ನು ಗಡಿಯಾಗಿ ಇಟ್ಟುಕೊಂಡು ಪೆಟ್ರೋಲನ್ನು ಒಮ್ಮೆ ತಗ್ಗಿಸಿ ಒಮ್ಮೆ ಹೆಚ್ಚಿಸಿ ಸಮತೋಲ ಕಾಯುತ್ತದೆ.

ಈ ಸಾಧನಕ್ಕೆ ಎರಡು ಮಿತಿಗಳಿವೆ. ಅದು ತಿಳಿಸುವುದು ಆಮ್ಲಜನಕದ ಪ್ರಮಾಣವನ್ನಲ್ಲ, ಹೊರಗಿನ ಗಾಳಿಗೂ ಒಳಗಿನ ಅನಿಲಕ್ಕೂ ಇರುವ ವ್ಯತ್ಯಾಸವನ್ನು. ಇಲ್ಲದಿರುವುದನ್ನು ಅರಿಯಬೇಕಾದರೆ ಯಾವುದು ಇಲ್ಲವೋ ಅದರ, ಅಂದರೆ ಪ್ರತಿಯೋಗಿಯ, ಅರಿವು ಮೊದಲು ಇರಬೇಕು ಎಂದು ನ್ಯಾಯದರ್ಶನ ಹೇಳುತ್ತದೆ. ಇಲ್ಲಿ ಆ ಪ್ರತಿಯೋಗಿಯ ಸ್ಥಾನದಲ್ಲಿರುವುದು ಹೊರಗಿನ ಗಾಳಿ. ಎರಡನೆಯದಾಗಿ, ಮಿಶ್ರಣ ಗಡಿಯ ಯಾವ ಕಡೆಗಿದೆ ಎಂದು ಮಾತ್ರ ಅದು ಸ್ಪಷ್ಟವಾಗಿ ಹೇಳುತ್ತದೆ, ಗಡಿಯಿಂದ ಎಷ್ಟು ದೂರ ಎಂದು ಹೇಳುವುದಿಲ್ಲ. ಈಚಿನ ವೈಡ್‌ಬ್ಯಾಂಡ್ ಸೆನ್ಸರುಗಳು ದೂರವನ್ನೂ ತಿಳಿಸುತ್ತವೆ, ಆದರೆ ಅವೂ ಸಿಲಿಂಡರಿನ ಒಳಹೊಕ್ಕು ನೋಡುವುದಿಲ್ಲ. ಸೆನ್ಸರಿಗೆ ಪ್ರತ್ಯಕ್ಷವಾದದ್ದು ಉಳಿದ ಆಮ್ಲಜನಕ. ಮಿಶ್ರಣದ ಅರಿವು ಅದರಿಂದ ಊಹಿಸಿದ್ದು.

ಅನುಮಾನ ಮತ್ತು ಉಪಾಧಿ

ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅನುಮಾನಕ್ಕೆ ನೈಯಾಯಿಕರು ಕೊಡುವ ನಿತ್ಯದ ಉದಾಹರಣೆ. ಬೆಟ್ಟ ಪಕ್ಷ, ಬೆಂಕಿ ಸಾಧ್ಯ, ಹೊಗೆ ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ನಿಯತ ಸಂಬಂಧ ವ್ಯಾಪ್ತಿ. ಎಕ್ಸಾಸ್ಟಿನಲ್ಲಿ ನಡೆಯುವುದೂ ಇದೇ ಕ್ರಮ. ಸಿಲಿಂಡರಿನ ಮಿಶ್ರಣ ಪಕ್ಷ, ಅದರಲ್ಲಿ ಪೆಟ್ರೋಲ್ ಕಡಿಮೆ ಎಂಬುದು ಸಾಧ್ಯ, ಅನಿಲದಲ್ಲಿ ಉಳಿದ ಆಮ್ಲಜನಕ ಹೇತು. ಇಸಿಯುವಿಗೆ ಬರೆದ ತಂತ್ರಾಂಶದಲ್ಲಿ ವ್ಯಾಪ್ತಿಯೊಂದು ಅಡಗಿದೆ: ಆಮ್ಲಜನಕ ಉಳಿದಿದ್ದರೆ ಪೆಟ್ರೋಲ್ ಸಾಲದು.

ಈ ವ್ಯಾಪ್ತಿ ಎಲ್ಲ ಸಂದರ್ಭದಲ್ಲೂ ನಿಲ್ಲುವುದಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಎಂಬುದು ಸರಿ, ಬೆಂಕಿ ಇದ್ದಲ್ಲಿ ಹೊಗೆ ಎಂಬುದು ತಪ್ಪು. ಕಾದ ಕಬ್ಬಿಣದಲ್ಲಿ ಬೆಂಕಿ ಇದ್ದರೂ ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಏಳಲು ಹಸಿ ಸೌದೆಯ ಸಂಪರ್ಕ ಬೇಕು. ಹೀಗೆ ಮರೆಯಲ್ಲಿದ್ದು ಸಂಬಂಧವನ್ನು ನಡೆಸುವ ಷರತ್ತಿಗೆ ನ್ಯಾಯದಲ್ಲಿ ಉಪಾಧಿ ಎಂದು ಹೆಸರು. ಉಪಾಧಿ ಇರುವ ಹೇತು ಕೆಟ್ಟ ಹೇತು.

ಸೆನ್ಸರಿನ ಹೇತುವಿಗೂ ಇಂಥ ಉಪಾಧಿಗಳು ಅಂಟಿಕೊಂಡಿವೆ. ಸೆನ್ಸರಿಗಿಂತ ಮುಂಚೆ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಅಥವಾ ಗ್ಯಾಸ್ಕೆಟ್ ಸುಟ್ಟಿದ್ದರೆ, ಎಕ್ಸಾಸ್ಟಿನ ಒತ್ತಡ ಏರಿಳಿಯುವ ನಡುವಿನ ಗಳಿಗೆಗಳಲ್ಲಿ ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಮಿಶ್ರಣ ಸರಿಯಿದ್ದರೂ ಸೆನ್ಸರ್ ಆಮ್ಲಜನಕವನ್ನು ಕಾಣುತ್ತದೆ. ಸ್ಪಾರ್ಕ್ ಪ್ಲಗ್ ಕೆಟ್ಟು ಒಂದು ಸಿಲಿಂಡರ್ ಉರಿಯದೆ ಹೋದರೆ ಪೆಟ್ರೋಲ್ ಮತ್ತು ಆಮ್ಲಜನಕ ಎರಡೂ ಹಾಗೆಯೇ ಹೊರಬರುತ್ತವೆ. ಸೆನ್ಸರ್ ಆಮ್ಲಜನಕವನ್ನು ಎಣಿಸುತ್ತದೆ, ಜೊತೆಗೆ ಬಂದ ಪೆಟ್ರೋಲನ್ನು ಲೆಕ್ಕಕ್ಕೆ ತರುವುದಿಲ್ಲ. ಎರಡು ಸಂದರ್ಭದಲ್ಲೂ ಇಸಿಯು ಪೆಟ್ರೋಲ್ ಸಾಲದೆಂದು ಬಗೆದು ಇನ್ನಷ್ಟು ಸುರಿಯುತ್ತದೆ, ಮೈಲೇಜ್ ಕುಸಿಯುತ್ತದೆ. ಸೆನ್ಸರ್ ಹೇಳಿದ್ದು ಸತ್ಯ, ಅದರಿಂದ ಮಾಡಿದ ಊಹೆ ಸುಳ್ಳು. ಸ್ಕ್ಯಾನರಿನಲ್ಲಿ ಪಿ0171 ಎಂಬ ಕೋಡ್, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂಬ ವರದಿ, ಕಂಡೊಡನೆ ಸೆನ್ಸರ್ ಬದಲಿಸುವವರು ಸಾಕ್ಷಿ ನಿಜ ಹೇಳಿದರೂ ಸಾಕ್ಷಿಯನ್ನೇ ಹೊರಹಾಕುತ್ತಾರೆ. ಹೊಸ ಸೆನ್ಸರೂ ಅದೇ ಮಾತನ್ನು ಹೇಳುತ್ತದೆ.

ಸ್ವತಃ, ಪರತಃ

ಅರಿವಿನ ಸತ್ಯತೆ ಅರಿವಿನೊಡನೆಯೇ ಬರುತ್ತದೆಯೇ, ಹೊರಗಿನ ಆಧಾರದಿಂದ ಸಿದ್ಧವಾಗಬೇಕೇ ಎಂಬಲ್ಲಿ ದರ್ಶನಗಳು ಕವಲೊಡೆಯುತ್ತವೆ. ಮೀಮಾಂಸಕರ ಪ್ರಕಾರ ಪ್ರತಿಯೊಂದು ಅರಿವೂ ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ. ಅದನ್ನು ನಂಬಲು ಕಾರಣ ಬೇಡ, ಕೈಬಿಡಲು ಕಾರಣ ಬೇಕು. ಏಳನೆಯ ಶತಮಾನದ ಕುಮಾರಿಲ ಭಟ್ಟ ಕೈಬಿಡಲು ಎರಡೇ ಕಾರಣಗಳನ್ನು ಒಪ್ಪಿದ: ಅದಕ್ಕೆ ವಿರುದ್ಧವಾದ ಬಲವಾದ ಇನ್ನೊಂದು ಅರಿವು, ಇಲ್ಲವೇ ಅರಿವು ಹುಟ್ಟಿಸಿದ ಸಾಧನದಲ್ಲೇ ದೋಷವಿದೆ ಎಂಬ ತಿಳಿವು. ಮೊದಲನೆಯದು ಬಾಧಕಜ್ಞಾನ, ಎರಡನೆಯದು ಕಾರಣದೋಷಜ್ಞಾನ.

ನೈಯಾಯಿಕರಿಗೆ ಇದು ಒಪ್ಪಿಗೆಯಿಲ್ಲ. ಅರಿವು ಹುಟ್ಟಿದ ಮಾತ್ರಕ್ಕೆ ನಿಜವಾಗುವುದಾದರೆ ಸಂಶಯಕ್ಕೆ ಎಡೆಯೇ ಇರುತ್ತಿರಲಿಲ್ಲ. ಸತ್ಯತೆ ಪರತಃ, ಅಂದರೆ ಹೊರಗಿನಿಂದ ತಿಳಿಯಬೇಕಾದದ್ದು. ಅರಿವನ್ನು ನಂಬಿ ಕೈಹಾಕಿದ ಕೆಲಸ ಫಲಿಸಿದರೆ ಅರಿವು ನಿಜ ಎಂಬುದು ಅವರ ಒರೆಗಲ್ಲು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಗ್ರಂಥದ ಆರಂಭದಲ್ಲೇ ಪ್ರಮಾಣದ ಸಾರ್ಥಕ್ಯವನ್ನು ಪ್ರವೃತ್ತಿಯ ಸಾಮರ್ಥ್ಯಕ್ಕೆ ಕಟ್ಟುತ್ತಾನೆ. ಮಿಥಿಲೆಯ ಗಂಗೇಶ ತತ್ತ್ವಚಿಂತಾಮಣಿಯಲ್ಲಿ ಇದನ್ನು ದೀರ್ಘವಾಗಿ ಸಮರ್ಥಿಸುತ್ತಾನೆ.

ಎಂಜಿನ್ ಕಂಪ್ಯೂಟರ್ ಓಡುವ ಹೊತ್ತಿನಲ್ಲಿ ಮೀಮಾಂಸಕ. ಸೆನ್ಸರಿನ ಪ್ರತಿ ವೋಲ್ಟೇಜನ್ನೂ ಅದು ಪ್ರಶ್ನಿಸದೆ ಒಪ್ಪಿ ಪೆಟ್ರೋಲ್ ತಿದ್ದುತ್ತದೆ. ಒಂದೊಂದನ್ನೂ ಪರೀಕ್ಷಿಸಲು ನಿಂತರೆ ಎಂಜಿನ್ ನಡೆಯದು. ಕೈಬಿಡುವ ಕಾರಣಗಳೂ ಕುಮಾರಿಲ ಹೇಳಿದ ಎರಡೇ. ಹೀಟರಿನ ತಂತಿ ಕಡಿದು ಪಿ0135 ಕೋಡ್ ಬಂದರೆ ಅದು ಸಾಧನದ ದೋಷ. ಪೆಟ್ರೋಲ್ ಎಷ್ಟು ಹೆಚ್ಚಿಸಿದರೂ ಸೆನ್ಸರ್ ಕಡಿಮೆ ಎಂದೇ ಹೇಳುತ್ತಿದ್ದರೆ ಎರಡು ವರದಿಗಳು ಒಂದನ್ನೊಂದು ಬಾಧಿಸುತ್ತಿವೆ. ಆದರೆ ಎಂಜಿನ್ ತಣ್ಣಗಿರುವಾಗ ಕಂಪ್ಯೂಟರ್ ಸೆನ್ಸರಿನತ್ತ ನೋಡದೆ ಮೊದಲೇ ಬರೆದಿಟ್ಟ ಕೋಷ್ಟಕದಂತೆ ನಡೆಯುತ್ತದೆ, ಏಕೆಂದರೆ ಕಾಯದ ಪಿಂಗಾಣಿಯಿಂದ ಅರಿವು ಹುಟ್ಟಲಾರದು.

ಅಳೆಯುವುದೂ ಅಳೆಯಲ್ಪಡುವುದೂ

ಸಾಧನವನ್ನು ಪರೀಕ್ಷಿಸಲು ಇನ್ನೊಂದು ಸಾಧನ ಬೇಕಾದರೆ ಆ ಇನ್ನೊಂದನ್ನು ಪರೀಕ್ಷಿಸುವವರು ಯಾರು? ಬೌದ್ಧ ದಾರ್ಶನಿಕ ನಾಗಾರ್ಜುನ ವಿಗ್ರಹವ್ಯಾವರ್ತನೀ ಗ್ರಂಥದಲ್ಲಿ ಪ್ರಮಾಣವಾದಿಗಳ ಮುಂದಿಟ್ಟ ಇಕ್ಕಟ್ಟು ಇದು. ಒಂದರ ಹಿಂದೆ ಒಂದು ಪ್ರಮಾಣ ಬೇಡುತ್ತ ಹೋದರೆ ಅನವಸ್ಥೆ, ಒಂದನ್ನೊಂದು ಆಧರಿಸಿ ನಿಂತರೆ ಅನ್ಯೋನ್ಯಾಶ್ರಯ.

ವಾಹನದಲ್ಲಿ ಈ ಇಕ್ಕಟ್ಟು ಲೋಹರೂಪದಲ್ಲೇ ಇದೆ. ಕ್ಯಾಟಲಿಟಿಕ್ ಕನ್ವರ್ಟರಿನ ಮುಂದೆ ಒಂದು ಸೆನ್ಸರ್, ಹಿಂದೆ ಇನ್ನೊಂದು. ಮುಂದಿನದು ಮಿಶ್ರಣವನ್ನು ಕಾಯುತ್ತದೆ, ಹಿಂದಿನದು ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೆ ಮುಂದಿನ ವೋಲ್ಟೇಜ್ ಏರಿಳಿಯುತ್ತಿದ್ದರೂ ಹಿಂದಿನದು ಹೆಚ್ಚುಕಡಿಮೆ ಸ್ಥಿರ. ಹಿಂದಿನದೂ ಕುಣಿಯತೊಡಗಿದರೆ ಕನ್ವರ್ಟರಿನ ಶಕ್ತಿ ಕುಂದಿದೆ ಎಂದು ಪಿ0420 ಕೋಡ್ ಏಳುತ್ತದೆ. ಹಲವು ಎಂಜಿನ್‌ಗಳಲ್ಲಿ ಮುಂದಿನ ಸೆನ್ಸರಿನ ಸಣ್ಣ ಪಕ್ಷಪಾತವನ್ನು ಹಿಂದಿನದರ ವರದಿಯಿಂದ ತಿದ್ದುವುದೂ ಉಂಟು. ಆದರೆ ಹಿಂದಿನದನ್ನು ತಿದ್ದುವ ಮೂರನೆಯದಿಲ್ಲ.

ನ್ಯಾಯಸೂತ್ರದ ಎರಡನೆಯ ಅಧ್ಯಾಯ ಇಂಥ ಆಕ್ಷೇಪಕ್ಕೆ ತಕ್ಕಡಿಯ ದೃಷ್ಟಾಂತದಿಂದ ಉತ್ತರಿಸುತ್ತದೆ. ಚಿನ್ನವನ್ನು ತೂಗುವಾಗ ತಕ್ಕಡಿ ಪ್ರಮಾಣ. ತೂಕ ಗೊತ್ತಿರುವ ಚಿನ್ನದಿಂದ ತಕ್ಕಡಿಯನ್ನೇ ಪರೀಕ್ಷಿಸುವಾಗ ಅದು ಪ್ರಮೇಯ, ಅಂದರೆ ಅಳೆಯಲ್ಪಡುವ ವಸ್ತು. ಪ್ರಮಾಣವೆಂಬುದು ವಸ್ತುವಿಗೆ ಅಂಟಿದ ಸ್ವಭಾವವಲ್ಲ, ಆ ಹೊತ್ತು ಅದು ವಹಿಸಿದ ಪಾತ್ರ. ಸೆನ್ಸರ್ ಓಡುವಾಗ ಮಿಶ್ರಣವನ್ನು ಅಳೆಯುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಗೊತ್ತಿರುವ ಮಿಶ್ರಣದಿಂದ ಸೆನ್ಸರನ್ನು ಅಳೆಯಲಾಗುತ್ತದೆ. ಎರಡು ಪಾತ್ರಗಳು ಬೇರೆ ಬೇರೆ ಹೊತ್ತಿನವಾದ್ದರಿಂದ ಅನ್ಯೋನ್ಯಾಶ್ರಯ ಕಳಚುತ್ತದೆ. ಅನವಸ್ಥೆಯ ವಿಚಾರದಲ್ಲಿ ಕುಮಾರಿಲನ ನಿಲುವು ವ್ಯಾವಹಾರಿಕ. ಸಂಶಯ ಬಂದಲ್ಲಿ ಮಾತ್ರ ಪರೀಕ್ಷೆ, ಅದೂ ಮೂರು ನಾಲ್ಕು ಹಂತಕ್ಕೆ ಸಾಕು. ಕಾರಣವಿಲ್ಲದೆ ಮುಂದಕ್ಕೂ ಶಂಕಿಸುವವನಿಗೆ ಯಾವ ವ್ಯವಹಾರವೂ ಸಾಧ್ಯವಿಲ್ಲ.

ನಿರ್ದೋಷತ್ವ ಮತ್ತು ಜೋಡಣೆ

ಈ ಚರ್ಚೆಗೆ ಕರ್ನಾಟಕದ ಕೊಡುಗೆ ದೊಡ್ಡದು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಅನುಪ್ರಮಾಣಗಳಿಗೂ, ಅಂದರೆ ಅರಿವಿನ ಸಾಧನಗಳಿಗೂ, ಒಂದೇ ವಿಶೇಷಣವನ್ನು ಹಚ್ಚುತ್ತದೆ: ನಿರ್ದೋಷ. ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಿಷಯದೊಡನೆ ಸೇರಿದರೆ ಪ್ರತ್ಯಕ್ಷ, ದೋಷವಿಲ್ಲದ ಯುಕ್ತಿ ಅನುಮಾನ, ದೋಷವಿಲ್ಲದ ಮಾತು ಆಗಮ. ಜಯತೀರ್ಥರ ಪ್ರಮಾಣಪದ್ಧತಿ ಇದನ್ನು ಅಡಕವಾಗಿ ವಿವರಿಸಿದರೆ, ವಿಜಯನಗರ ಕಾಲದ ವ್ಯಾಸತೀರ್ಥರ ತರ್ಕತಾಂಡವ ಗಂಗೇಶನ ಪರತಃಪ್ರಾಮಾಣ್ಯವನ್ನು ಎದುರಿಸಿ ವಾದಿಸುತ್ತದೆ. ಸತ್ಯತೆ ಅರಿವಿಗೆ ಸಹಜ, ಅಸತ್ಯತೆ ದೋಷದಿಂದ ಬಂದದ್ದು ಎಂಬುದು ಈ ಪರಂಪರೆಯ ನಿಲುವು. ಹಾಗಾದರೆ ಸಾಧನವನ್ನು ಅಣಿಮಾಡುವ ಕೆಲಸವೆಂದರೆ ಸತ್ಯವನ್ನು ತಂದು ತುಂಬುವುದಲ್ಲ, ದೋಷ ನುಸುಳುವ ದಾರಿಗಳನ್ನು ಮುಚ್ಚುವುದು. ಸೆನ್ಸರನ್ನು ಕೂರಿಸುವ ಎಲ್ಲ ನಿಯಮಗಳೂ ಇದೇ ಬಗೆಯವು.

ಹಳೆಯ ಸೆನ್ಸರನ್ನು ತೆಗೆಯುವ ಮೊದಲು ಇಗ್ನಿಷನ್ ಆಫ್ ಮಾಡಿ ಕಪ್ಲರ್ ಬಿಡಿಸಬೇಕು. ಪೈಪ್ ಉಗುರುಬೆಚ್ಚಗಿದ್ದರೆ ಥ್ರೆಡ್ ಸಡಿಲವಾಗುವುದು ಸುಲಭ. ಕೆಂಪಗೆ ಕಾದಿದ್ದರೆ ಕೈ ಸುಡುತ್ತದೆ, ಥ್ರೆಡ್ಡೂ ಕಿತ್ತು ಬರಬಹುದು. ತುಕ್ಕು ಹಿಡಿದಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾಯಬೇಕು. ಕಾರುಗಳಲ್ಲಿ ಸಾಮಾನ್ಯವಾಗಿ 18 ಮಿಲಿಮೀಟರ್ ಥ್ರೆಡ್ ಇರುತ್ತದೆ, 22 ಮಿಲಿಮೀಟರ್ ಸ್ಪಾನರ್ ಹಿಡಿಯುತ್ತದೆ. ತಂತಿ ಹಾಯಲು ಪಕ್ಕದಲ್ಲಿ ಸೀಳಿರುವ ಸಾಕೆಟ್ ಇದಕ್ಕೆಂದೇ ಸಿಗುತ್ತದೆ. ಸೆನ್ಸರ್ ಹೊರಬಂದ ಮೇಲೆ ಪೈಪಿನ ಥ್ರೆಡ್ ಹಾಳಾಗಿದ್ದರೆ ಟ್ಯಾಪ್ ಹಾಕಿ ಸರಿಪಡಿಸಬೇಕು.

ಹೊಸದನ್ನು ಕೂರಿಸುವಾಗ ಇಂದ್ರಿಯ, ವಿಷಯ, ಅವುಗಳ ಸಂಪರ್ಕ ಎಂಬ ಮೂರು ಕಡೆಯ ದೋಷಗಳನ್ನೂ ತಡೆಯಬೇಕು. ಇಂದ್ರಿಯದ ದೋಷ ಪಿಂಗಾಣಿಯದು. ಕೆಳಗೆ ಬಿದ್ದ ಸೆನ್ಸರ್ ನೋಡಲು ಚೆನ್ನಾಗಿದ್ದರೂ ಒಳಗೆ ಸೀಳಿರಬಹುದು, ಅದನ್ನು ಬಳಸಬಾರದು. ಕಾದ ಪಿಂಗಾಣಿಗೆ ನೀರಿನ ಹನಿ ಬಿದ್ದರೂ ಸೀಳುತ್ತದೆ. ಆದ್ದರಿಂದ ಸೆನ್ಸರಿನ ತುದಿ ಕೆಳಮುಖವಾಗಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಓರೆಯಾಗಿ ಇರುವಂತೆ ಜಾಗ ಆರಿಸಲಾಗುತ್ತದೆ; ತಣ್ಣಗಾದ ಪೈಪಿನಲ್ಲಿ ಕೂಡಿದ ನೀರು ಅಲ್ಲಿ ನಿಲ್ಲುವುದಿಲ್ಲ. ಸೀಸ, ಸಿಲಿಕೋನ್ ಮತ್ತು ಎಂಜಿನ್ ಆಯಿಲಿನ ಬೂದಿ ಪ್ಲಾಟಿನಂ ಲೇಪವನ್ನು ಕೆಡಿಸುತ್ತವೆ. ಸೀಸ ಬೆರೆತ ಪೆಟ್ರೋಲ್ ಭಾರತದಲ್ಲಿ 2000ದಲ್ಲೇ ನಿಂತಿತು. ಆದರೆ ಗ್ಯಾಸ್ಕೆಟ್ಟಿಗೆ ಹಚ್ಚುವ ಕೆಲವು ಸಿಲಿಕೋನ್ ಅಂಟುಗಳು ಇಂದಿಗೂ ಅಪಾಯಕಾರಿ. ಸೆನ್ಸರಿಗೆ ಹಾನಿಯಾಗದು ಎಂದು ಬರೆದಿರುವುದನ್ನೇ ಬಳಸಬೇಕು. ಥ್ರೆಡ್ ಹಿಡಿದುಕೊಳ್ಳದಂತೆ ಹಚ್ಚುವ ಪೇಸ್ಟ್ ತುದಿಗೆ ತಾಗಕೂಡದು, ಕಾರ್ಖಾನೆಯಲ್ಲೇ ಹಚ್ಚಿ ಬಂದಿದ್ದರೆ ಮತ್ತೆ ಹಚ್ಚಬೇಕಿಲ್ಲ.

ಸಂಪರ್ಕದ ದೋಷ ಬಿಗಿತದ್ದು. 18 ಮಿಲಿಮೀಟರ್ ಥ್ರೆಡ್ಡಿಗೆ ಸಾಮಾನ್ಯವಾಗಿ 40ರಿಂದ 50 ನ್ಯೂಟನ್ ಮೀಟರ್ ಟಾರ್ಕ್ ಸೂಚಿಸಲಾಗುತ್ತದೆ; ಆಯಾ ವಾಹನದ ಕೈಪಿಡಿಯ ಅಂಕಿಯೇ ಅಂತಿಮ. ಸಡಿಲವಾದರೆ ವಾಶರಿನ ಬಳಿ ಗಾಳಿ ನುಸುಳಿ ವಿಷಯವನ್ನೇ ಕೆಡಿಸುತ್ತದೆ, ಅತಿಯಾಗಿ ಬಿಗಿದರೆ ಥ್ರೆಡ್ ಕೆಡುತ್ತದೆ. ಪ್ರತಿಯೋಗಿಯಾದ ಹೊರಗಿನ ಗಾಳಿಯನ್ನೂ ಕಾಪಾಡಬೇಕು. ಹಲವು ಸೆನ್ಸರುಗಳಲ್ಲಿ ಆ ಗಾಳಿ ಒಳಸೇರುವುದು ತಂತಿಯ ಎಳೆಗಳ ನಡುವಿನ ಸಂದಿಯಿಂದಲೇ. ಕಪ್ಲರಿಗೆ ಗ್ರೀಸ್ ತುಂಬಿದರೆ ಅಥವಾ ತಂತಿ ಕತ್ತರಿಸಿ ಸೋಲ್ಡರ್ ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ಆಗ ಒಳಗಿನ ಅನಿಲ ಹೇಗೇ ಇರಲಿ, ಹೋಲಿಸಲು ಏನೂ ಉಳಿಯುವುದಿಲ್ಲ. ತಂತಿಯನ್ನು ಮೊದಲಿದ್ದ ದಾರಿಯಲ್ಲೇ, ಪೈಪಿಗೆ ತಾಗದಂತೆ ಕಟ್ಟಬೇಕು.

ಬದಲಿಸಲು ಆಧಾರ

ಸೆನ್ಸರನ್ನು ನಂಬಲು ಆಧಾರ ಬೇಕೋ ಬೇಡವೋ ಎಂಬುದರಲ್ಲಿ ದರ್ಶನಗಳಿಗೆ ಭಿನ್ನಮತವಿದ್ದರೂ, ಶಂಕಿಸಲು ಆಧಾರ ಬೇಕೆಂಬುದರಲ್ಲಿ ಮೀಮಾಂಸೆಯೂ ನ್ಯಾಯವೂ ಒಂದು. ಉದಯನಾಚಾರ್ಯ ನ್ಯಾಯಕುಸುಮಾಂಜಲಿಯಲ್ಲಿ ಶಂಕೆಯ ಗಡಿಯನ್ನು ಗುರುತಿಸುತ್ತಾನೆ. ಶಂಕಿಸುವವನ ಸ್ವಂತ ನಡೆಗೆ ವಿರೋಧ ಬರುವಲ್ಲಿ ಶಂಕೆ ನಿಲ್ಲಬೇಕು. ಬೆಂಕಿಯಿಂದ ಹೊಗೆ ಬರುವುದೇ ಸಂಶಯಾಸ್ಪದ ಎನ್ನುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕುತ್ತಾನೆ. ಸ್ಕ್ಯಾನರನ್ನು ನಂಬಿ ಸೆನ್ಸರನ್ನು ಕೀಳುವ ಮೆಕ್ಯಾನಿಕ್ ಸೆನ್ಸರನ್ನು ನಂಬದಿರುವುದಕ್ಕೂ ಒಂದು ಕಾರಣ ಕೊಡಬೇಕಾಗುತ್ತದೆ, ಏಕೆಂದರೆ ಸ್ಕ್ಯಾನರಿನಲ್ಲಿ ಮೂಡಿದ ಮಾತಿನ ಮೂಲವೂ ಹಲವು ಸಲ ಆ ಸೆನ್ಸರೇ.

ಆ ಕಾರಣವನ್ನು ಕಂಡುಕೊಳ್ಳುವ ವಿಧಾನ ಅನ್ವಯ ಮತ್ತು ವ್ಯತಿರೇಕ. ಕಾದ ಎಂಜಿನ್ನಿನ ಗಾಳಿದಾರಿಗೆ ಹದವರಿತು ಇಂಧನ ಸೇರಿಸಿದರೆ ವೋಲ್ಟೇಜ್ ಏರಬೇಕು, ನಿರ್ವಾತದ ಒಂದು ಕೊಳವೆ ಬಿಡಿಸಿ ಹೆಚ್ಚು ಗಾಳಿ ಬಿಟ್ಟರೆ ಇಳಿಯಬೇಕು. ಎರಡಕ್ಕೂ ಚುರುಕಾಗಿ ಸ್ಪಂದಿಸುವ ಸೆನ್ಸರ್ ನಿರ್ದೋಷಿ. ದೋಷವನ್ನು ಗ್ಯಾಸ್ಕೆಟ್, ಇಂಜೆಕ್ಟರ್, ಪ್ಲಗ್ಗುಗಳಲ್ಲಿ ಹುಡುಕಬೇಕು. ಸ್ಪಂದನ ನಿಧಾನವಾಗಿದ್ದರೆ, ವೋಲ್ಟೇಜ್ ಒಂದೆಡೆ ಅಂಟಿಕೊಂಡಿದ್ದರೆ, ಹೀಟರಿನ ತಂತಿಯಲ್ಲಿ ಕರೆಂಟ್ ಹರಿಯದಿದ್ದರೆ ಸಾಧನದ್ದೇ ದೋಷ, ಆಗ ಬದಲಾವಣೆ ನ್ಯಾಯ. ಸೆನ್ಸರ್ ವಿಷ ತಿಂದು ಸತ್ತಿದ್ದರೆ ವಿಷದ ಮೂಲವನ್ನೂ ನಿಲ್ಲಿಸಬೇಕು. ಆಯಿಲ್ ಸುಡುವ ಎಂಜಿನ್ ಹೊಸ ಸೆನ್ಸರನ್ನೂ ಹಾಗೆಯೇ ಕೆಡಿಸುತ್ತದೆ.

ಫಲದ ಒರೆಗಲ್ಲು

ಬದಲಾವಣೆಯ ಬಳಿಕ ದೀಪ ಆರಿತು, ಪಿಕಪ್ ಮರಳಿತು ಎಂದರೆ ನ್ಯಾಯದ ಪ್ರಕಾರ ತೀರ್ಮಾನ ಸರಿಯಾಗಿತ್ತು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಇಲ್ಲೊಂದು ತೊಡಕನ್ನು ತೋರಿಸಿದ್ದಾನೆ. ರತ್ನದ ಪ್ರಭೆಯನ್ನೇ ರತ್ನವೆಂದು ಭ್ರಮಿಸಿ ಓಡಿದವನಿಗೆ ರತ್ನ ಸಿಗುತ್ತದೆ, ದೀಪದ ಪ್ರಭೆಯನ್ನು ರತ್ನವೆಂದು ಭ್ರಮಿಸಿದವನಿಗೆ ಸಿಗುವುದಿಲ್ಲ. ಇಬ್ಬರ ಅರಿವೂ ತಪ್ಪೇ, ಒಬ್ಬನಿಗೆ ಮಾತ್ರ ಫಲ. ಕಪ್ಲರಿನ ಪಿನ್ ಸಡಿಲವಾಗಿದ್ದ ವಾಹನಕ್ಕೆ ಹೊಸ ಸೆನ್ಸರ್ ಹಾಕಿದಾಗ ಕಪ್ಲರೂ ಹೊಸದಾಗಿ ಬಿಗಿಯಾಗಿ ಕೂರುತ್ತದೆ, ತೊಂದರೆ ಹೋಗುತ್ತದೆ. ಹಳೆಯ ಸೆನ್ಸರ್ ಕೆಟ್ಟಿತ್ತು ಎಂಬ ಅರಿವು ಮಾತ್ರ ಸುಳ್ಳು. ಸ್ಕ್ಯಾನರಿನಿಂದ ಕೋಡ್ ಅಳಿಸಿದರೂ ದೀಪ ಆರುತ್ತದೆ. ಅದು ಫಲವಲ್ಲ, ನೆನಪನ್ನು ಒರೆಸಿದ್ದು. ಕೆಲವು ದಿನ ಓಡಿಸಿ, ಇಸಿಯು ದೀರ್ಘಾವಧಿಯಲ್ಲಿ ಮಾಡುವ ಪೆಟ್ರೋಲ್ ತಿದ್ದುಪಡಿ ಶೂನ್ಯದ ಸಮೀಪಕ್ಕೆ ಮರಳಿದೆಯೇ, ಕೋಡ್ ಮತ್ತೆ ಬಂದಿಲ್ಲವೇ ಎಂದು ನೋಡಿದಾಗಲೇ ಒರೆ ಪೂರ್ಣ.

ಸುಳ್ಳು ಸಾಕ್ಷಿ

ಸಾಧನದ ದೋಷ ತಾನಾಗಿ ಬರುವುದು ಒಂದು, ಬೇಕೆಂದೇ ತರುವುದು ಇನ್ನೊಂದು. ಕನ್ವರ್ಟರ್ ಕೆಟ್ಟಾಗ ಅದರ ದುಬಾರಿ ಬೆಲೆಗೆ ಅಂಜಿ, ಹಿಂದಿನ ಸೆನ್ಸರಿಗೆ ಉದ್ದನೆಯ ಸ್ಪೇಸರ್ ಹಾಕಿ ಅನಿಲದ ಹರಿವಿನಿಂದ ಹೊರಗೆಳೆದು ಕೂರಿಸುವ ರೂಢಿಯಿದೆ. ವೋಲ್ಟೇಜಿನ ಕುಣಿತ ಅಡಗುತ್ತದೆ, ಕೋಡ್ ಬರುವುದಿಲ್ಲ, ವಿಷಾನಿಲ ಮಾತ್ರ ಹೊರಬೀಳುತ್ತಲೇ ಇರುತ್ತದೆ. ವಸ್ತುವನ್ನು ಇದ್ದಂತೆ ಅರಿತು, ಅರಿತಂತೆ ತಿಳಿಸಬಯಸುವವನು ಆಪ್ತ ಎಂದು ವಾತ್ಸ್ಯಾಯನ ಹೇಳುತ್ತಾನೆ. ಸೆನ್ಸರಿಗೆ ಬಯಕೆಯಿಲ್ಲ, ಅದರ ಆಪ್ತತೆಯೆಲ್ಲ ಅದನ್ನು ಕೂರಿಸಿದವರ ಆಪ್ತತೆಯೇ. ಅದಕ್ಕೆ ಸುಳ್ಳು ಹೇಳಲು ಬಾರದು, ಸುಳ್ಳು ಕಾಣುವ ಜಾಗದಲ್ಲಿ ಅದನ್ನು ನಿಲ್ಲಿಸಬಹುದು. ಆದ್ದರಿಂದ ಸರಿಯಾದ ಜಾಗದಲ್ಲಿ ಕೂರಿಸುವುದು ತಾಂತ್ರಿಕ ನಿಯಮವಾಗಿರುವಷ್ಟೇ ಧರ್ಮದ ನಿಯಮವೂ ಆಗುತ್ತದೆ. ಮೋಸದ ಫಲ ಉಣ್ಣುವವರು ವಾಹನದ ಒಡೆಯರಲ್ಲ, ಅದರ ಹಿಂದೆ ಉಸಿರಾಡುವವರು.

ಪರೀಕ್ಷೆ ಎಲ್ಲಿ ನಿಲ್ಲುತ್ತದೆ

ಒಂದು ಸೆನ್ಸರನ್ನು ಇನ್ನೊಂದು, ಅದನ್ನು ಸ್ಕ್ಯಾನರ್, ಸ್ಕ್ಯಾನರನ್ನು ಮೀಟರ್ ಪರೀಕ್ಷಿಸುತ್ತ ಹೋದರೆ ಸರಪಳಿ ಎಲ್ಲಿ ಕೊನೆಯಾಗಬೇಕು ಎಂಬ ಪ್ರಶ್ನೆಗೆ ಮಧ್ವ ಪರಂಪರೆಯ ಉತ್ತರ ಸಾಕ್ಷಿ. ಅರಿವನ್ನೂ ಅದರ ಸತ್ಯತೆಯನ್ನೂ ಗ್ರಹಿಸುವ ಚೇತನದ ಸ್ವರೂಪಶಕ್ತಿ ಅದು. ಸಂಶಯವಿದ್ದಲ್ಲಿ ಪರೀಕ್ಷೆಯನ್ನು ಬಳಸುತ್ತದೆ, ಆದರೆ ತನ್ನ ನಿರ್ಣಯಕ್ಕೆ ಮತ್ತೊಂದನ್ನು ಬೇಡುವುದಿಲ್ಲ. ಈ ಲೆಕ್ಕದಲ್ಲಿ ಯಂತ್ರದೊಳಗೆ ಅನುಪ್ರಮಾಣದ ವ್ಯಾಪಾರವಷ್ಟೇ ಇದೆ, ಸಾಕ್ಷಿಯಿಲ್ಲ. ಇಸಿಯು ಬಾಧಕವನ್ನು ಗುರುತಿಸಬಲ್ಲದು, ದೋಷಕ್ಕೆ ಕೋಡ್ ಕೊಡಬಲ್ಲದು, ಇಷ್ಟು ಸಾಕು ಎಂದು ನಿರ್ಣಯಿಸಲಾರದು. ಸಾಕೆಂಬ ಮಟ್ಟವನ್ನು ಅದಕ್ಕೆ ಮೊದಲೇ ಬರೆದುಕೊಟ್ಟವರು ಮನುಷ್ಯರು.

ಗ್ಯಾರೇಜಿನ ನಡಾವಳಿಯಲ್ಲಿ ಮೂರು ನಿಲುವುಗಳಿಗೂ ಅವುಗಳ ಜಾಗವಿದೆ. ವಾಹನ ಓಡುವಾಗ ಸೆನ್ಸರಿನ ಮಾತನ್ನು ಹಾಗೆಯೇ ಒಪ್ಪುವುದು ಮೀಮಾಂಸೆಯ ದಾರಿ, ದುರಸ್ತಿಯನ್ನು ಫಲದಿಂದ ಒರೆಗೆ ಹಚ್ಚುವುದು ನ್ಯಾಯದ ದಾರಿ, ದೋಷದ ದಾರಿಗಳನ್ನು ಮೊದಲೇ ಮುಚ್ಚಿ ಕೂರಿಸುವುದು ಮಾಧ್ವ ಪರಂಪರೆಯ ದಾರಿ. ಮೂರರಿಂದಲೂ ಹೊರಡುವ ನಿಯಮ ಒಂದೇ: ಸಾಧನದ ಮೇಲೆ ದೋಷ ಹೊರಿಸುವುದೂ ಒಂದು ಅರಿವು, ಅದಕ್ಕೂ ಪ್ರಮಾಣ ಬೇಕು. ಹೀಟರ್, ಸ್ಪಂದನ, ಅನಿಲದ ಸೋರಿಕೆ ಇವುಗಳನ್ನು ಪರೀಕ್ಷಿಸಿದ ಮೇಲೆ ಸೆನ್ಸರ್ ಬದಲಿಸಿದ್ದು ದುರಸ್ತಿ; ಪರೀಕ್ಷಿಸದೆ ಬದಲಿಸಿದ್ದು ಅದೃಷ್ಟದ ಮೇಲೆ ಬಿಟ್ಟ ಊಹೆ.